ಪಿಟಿಆರ್ ಹಾಕುವ ಜಾಗ ಅದಲ್ಲ

ನಿಮ್ಮ ಮೇಲ್ ಸರ್ವರ್ ಬಗ್ಗೆ ಗುಂಪಿನಲ್ಲಿ ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಡೊಮೇನ್ ಕೊಂಡ ಕಡೆಯ ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಪಿಟಿಆರ್ (ಐಪಿ ವಿಳಾಸದಿಂದ ಹೆಸರು ಹೇಳುವ ರೆಕಾರ್ಡ್) ಸೇರಿಸಿದ್ದೀರಿ, ಆದರೂ ಜಿಮೇಲ್ 550 5.7.25 (ಐಪಿಗೆ ಸರಿಯಾದ ಪಿಟಿಆರ್ ಇಲ್ಲ) ಅಂತ ಮೇಲ್ ವಾಪಸ್ ಕಳಿಸುತ್ತಿದೆ. ಅದರ ಕೆಳಗೆ ಎಲ್ಲರೂ "ಪ್ರೊಪಗೇಶನ್ (ಬದಲಾವಣೆ ಎಲ್ಲ ಕಡೆ ಹರಡುವುದು) ಆಗಬೇಕು, ಕಾಯಿರಿ" ಅಂತಿದ್ದಾರೆ. ಕಾಯಬೇಡಿ. ವರ್ಷ ಕಾದರೂ ಅದು ಆಗುವುದಿಲ್ಲ. ಏನು ಕೇಳಿದರೂ ಪ್ರೊಪಗೇಶನ್ ಅನ್ನುವ ಈ ಚಾಳಿ ಗುಂಪಿನಲ್ಲಿ ಯಾವಾಗ ಹೋಗುತ್ತದೋ!

ಐಪಿಯಿಂದ ಹೆಸರು ಹುಡುಕುವ ರಿವರ್ಸ್ ಲುಕಪ್ ನಿಮ್ಮ ಡೊಮೇನ್ ಝೋನ್ (ಅದರ ರೆಕಾರ್ಡ್‌ಗಳ ಪಟ್ಟಿ) ಹತ್ತಿರ ಬರುವುದೇ ಇಲ್ಲ. ಐಪಿ 203.0.113.25 ಅಂದುಕೊಳ್ಳಿ. ಹುಡುಕಾಟ ಹೋಗುವುದು 25.113.0.203.ಇನ್-ಆ್ಯಡರ್.ಆರ್ಪಾ ಅನ್ನುವ ಹೆಸರಿಗೆ. ಆ ಝೋನ್ ಇರುವುದು ಐಪಿ ಬ್ಲಾಕ್ ಯಾರದೋ ಅವರ ಕೈಯಲ್ಲಿ, ಅಂದರೆ ನಿಮಗೆ ವಿಪಿಎಸ್ (ಬಾಡಿಗೆ ಸರ್ವರ್) ಕೊಟ್ಟವರ ಕೈಯಲ್ಲಿ. ಪ್ಯಾನೆಲ್‌ನಲ್ಲಿ ಹಾಕಿದ ಆ ಪಿಟಿಆರ್ ಅಳಿಸಿಬಿಡಿ, ಸುಮ್ನೆ ಗೊಂದಲ.

ಮೊದಲು ಮೇಲ್ ಹೋಸ್ಟ್‌ನೇಮ್‌ಗೆ ಎ ರೆಕಾರ್ಡ್ (ಹೆಸರಿನಿಂದ ಐಪಿ ಹೇಳುವುದು) ಹಾಕಿ, ಆಮೇಲೆ ಪಿಟಿಆರ್. ವಿಪಿಎಸ್ ಕೊಡುವ ಲಿನೋಡ್‌ನಲ್ಲಿ ಎ ರೆಕಾರ್ಡ್ ಇಲ್ಲದಿದ್ದರೆ ರಿವರ್ಸ್ ಡಿಎನ್‌ಎಸ್ ಸೇವ್ ಆಗುವುದೇ ಇಲ್ಲ. ಎಡಬ್ಲ್ಯೂಎಸ್‌ನಲ್ಲೂ ಹಾಗೇ, ಅಲ್ಲಿ ಎಲಾಸ್ಟಿಕ್ ಐಪಿ (ಬದಲಾಗದ ಐಪಿ) ಕೂಡ ಬೇಕು. ಡಿಜಿಟಲ್‌ಓಷನ್‌ನಲ್ಲಿ ಪಿಟಿಆರ್‌ಗೆ ಬಾಕ್ಸೇ ಇಲ್ಲ. ಡ್ರಾಪ್ಲೆಟ್‌ನ, ಅಂದರೆ ಅಲ್ಲಿನ ವಿಪಿಎಸ್‌ನ, ಹೆಸರೇ ಪಿಟಿಆರ್ ಆಗುತ್ತದೆ, ಪೂರ್ತಿ ಹೋಸ್ಟ್‌ನೇಮ್ ಇಡಬೇಕು. ನನಗೆ ಇಷ್ಟವಾಗಿದ್ದು ಹೆಟ್ಜ್ನರ್ ರೀತಿ, ಐಪಿ ಪಕ್ಕದಲ್ಲೇ ಬದಲಿಸಬಹುದು. ಪ್ಯಾನೆಲ್‌ನಲ್ಲಿ ಎಲ್ಲೂ ಸಿಗದಿದ್ದರೆ ಟಿಕೆಟ್ ಹಾಕಿ. ಟಿಕೆಟ್‌ಗೂ ಉತ್ತರ ಕೊಡದ ಹೋಸ್ಟಿಂಗ್‌ನಲ್ಲಿ ಮೇಲ್ ಸರ್ವರ್ ನಡೆಸಬೇಡಿ.

ಎ ರೆಕಾರ್ಡ್ ಕ್ಲೌಡ್‌ಫ್ಲೇರ್‌ನಲ್ಲಿದ್ದರೆ ಕಿತ್ತಳೆ ಮೋಡ (ಪ್ರಾಕ್ಸಿ) ಆಫ್ ಮಾಡಿ. ಆನ್ ಇದ್ದರೆ ಹೆಸರು ಅವರ ಐಪಿ ತೋರಿಸುತ್ತದೆ. ಐಪಿಯಿಂದ ಹೆಸರು, ಆ ಹೆಸರಿನಿಂದ ಮತ್ತೆ ಅದೇ ಐಪಿ ಬರಬೇಕು. ಜಿಮೇಲ್ ನೋಡುವುದೇ ಅದನ್ನ. 2024ರ ಫೆಬ್ರವರಿಯಿಂದ ಈ ನಿಯಮ ದಿನಕ್ಕೆ 5000 ಮೇಲ್ ಕಳಿಸುವವರಿಗೆ ಮಾತ್ರ ಅಲ್ಲ, ಎಲ್ಲರಿಗೂ ಇದೆ.

ಈಗ ನಿಮಗೆ ಮುಂದೆ ಕಾದಿರುವ ಗುಂಡಿ. ಅದು ಐಪಿವಿ6 (ಹೊಸ, ಉದ್ದದ ಐಪಿ ವಿಳಾಸ; ಹಳೆಯದು ವಿ4). ನಾನು ನೋಡಿಕೊಳ್ಳುತ್ತಿದ್ದ ಒಂದು ಪೋಸ್ಟ್‌ಫಿಕ್ಸ್ ಮೇಲ್ ಸರ್ವರ್‌ನಲ್ಲಿ ಎಲ್ಲಾ ಸರಿ ಇತ್ತು. ಪಿಟಿಆರ್ ನೋಡುವ ಡಿಗ್ -ಎಕ್ಸ್ (dig -x) ಕಮಾಂಡ್ ಕೊಟ್ಟರೆ ಸರಿಯಾದ ಹೆಸರು, ಎ ರೆಕಾರ್ಡ್ ಸರಿ, ಹೆಲೋ (ಸರ್ವರ್ ತನ್ನ ಪರಿಚಯಕ್ಕೆ ಹೇಳುವ ಹೆಸರು) ಸರಿ. ಬೇರೆ ಕಡೆಗೆ ಮೇಲ್ ಹೋಗುತ್ತದೆ, ಜಿಮೇಲ್‌ಗೆ ಹೋದದ್ದು ಮಾತ್ರ ಒಮ್ಮೊಮ್ಮೆ ವಾಪಸ್. ಕಳಿಸುವ ಡೊಮೇನ್ ಅಸಲಿ ಅಂತ ತೋರಿಸುವ ಎಸ್‌ಪಿಎಫ್ ತಿದ್ದಿದ್ದಾಯ್ತು, ಅದೇ ಕೆಲಸದ ಡಿಕೆಐಎಂ ಕೀ ಬದಲಿಸಿದ್ದಾಯ್ತು. ಕೊನೆಗೆ ವಾಪಸ್ ಬಂದ ಬೌನ್ಸ್ ಸಂದೇಶವನ್ನು ಪೂರ್ತಿ ಓದಿದರೆ ಅದರಲ್ಲಿ ಉದ್ದದ ವಿ6 ವಿಳಾಸ ಕೂತಿದೆ! ಜಿಮೇಲ್‌ನ ಎಂಎಕ್ಸ್‌ಗೆ (ಮೇಲ್ ತೆಗೆದುಕೊಳ್ಳುವ ಸರ್ವರ್) ಕ್ವಾಡ್-ಎ (ವಿ6ನ ಎ ರೆಕಾರ್ಡ್) ಇದೆ, ಹಾಗಾಗಿ ಪೋಸ್ಟ್‌ಫಿಕ್ಸ್ ಕೆಲವು ಸಲ ವಿ6ನಲ್ಲಿ ಹೋಗುತ್ತಿತ್ತು. ಪಿಟಿಆರ್ ಇದ್ದದ್ದು ವಿ4ಗೆ ಮಾತ್ರ.

ನಿಮ್ಮ ಬೌನ್ಸ್‌ನಲ್ಲೂ ಚೌಕ ಬ್ರಾಕೆಟ್ ಒಳಗೆ ಯಾವ ಐಪಿ ಇದೆ ನೋಡಿ. ವಿ6 ಆಗಿದ್ದರೆ ಸುಲಭದ ದಾರಿ ಪೋಸ್ಟ್‌ಫಿಕ್ಸ್‌ನ ಮೇನ್.ಸಿಎಫ್ ಫೈಲ್‌ನಲ್ಲಿ ಐನೆಟ್ ಪ್ರೋಟೋಕಾಲ್ಸ್ (inet_protocols) ಅನ್ನು ಐಪಿವಿ4 ಮಾಡುವುದು. ರೀಲೋಡ್ ಸಾಲದು, ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಬೇಕು. ವಿ6 ಬೇಕೇ ಬೇಕು ಅಂದರೆ ಅದಕ್ಕೂ ಪಿಟಿಆರ್, ಕ್ವಾಡ್-ಎ ಎರಡೂ ಹಾಕಿ. ಆದರೆ ಹೋಸ್ಟಿಂಗ್‌ನವರು ಸಾಮಾನ್ಯವಾಗಿ /64, ಅಂದರೆ ವಿಳಾಸಗಳ ದೊಡ್ಡ ರಾಶಿ, ಕೊಡುತ್ತಾರೆ, ಅಷ್ಟರಲ್ಲಿ ಮೇಲ್ ಯಾವ ವಿಳಾಸದಿಂದ ಹೊರಡುತ್ತದೋ ಅದಕ್ಕೇ ಪಿಟಿಆರ್ ಇರಬೇಕು. ಎಸ್‌ಎಂಟಿಪಿ ಬೈಂಡ್ ಅಡ್ರೆಸ್6 (smtp_bind_address6) ಹಾಕಿ ವಿಳಾಸವನ್ನು ಕಟ್ಟಿಹಾಕಿ. ಸಣ್ಣ ಸರ್ವರ್‌ಗೆ ನಾನಂತೂ ವಿ4 ಸಾಕು ಅಂತೀನಿ. ವಿ6 ಅಭಿಮಾನಿಗಳು ಬೈದರೂ ಪರವಾಗಿಲ್ಲ.

ಇನ್ನೊಂದು. ಒಂದೇ ಐಪಿಯಲ್ಲಿ ಹತ್ತಾರು ಡೊಮೇನ್ ಇವೆ ಅಂತ ಅಷ್ಟೂ ಪಿಟಿಆರ್ ಹಾಕಲು ಹೋಗಬೇಡಿ. ಒಂದು ಐಪಿ, ಒಂದು ಹೆಸರು. ಕಳಿಸುವವರ ಡೊಮೇನ್ ಪಿಟಿಆರ್‌ಗೆ ಹೊಂದಬೇಕಿಲ್ಲ, ಆ ಕೆಲಸಕ್ಕೆ ಎಸ್‌ಪಿಎಫ್, ಡಿಕೆಐಎಂ ಇವೆ. ಪೋಸ್ಟ್‌ಫಿಕ್ಸ್‌ನ ಮೈಹೋಸ್ಟ್‌ನೇಮ್ (myhostname) ಮಾತ್ರ ಪಿಟಿಆರ್ ಹೆಸರೇ ಇರಲಿ. ಐಪಿಯ ಅಂಕಿಗಳನ್ನೇ ಜೋಡಿಸಿದ ಡೀಫಾಲ್ಟ್ ಹೆಸರು ಬಿಡಬೇಡಿ, ಸ್ಪ್ಯಾಮ್ ಫಿಲ್ಟರ್‌ಗಳು ಅದನ್ನು ಮನೆ ಬ್ರಾಡ್‌ಬ್ಯಾಂಡ್ ಅಂದುಕೊಳ್ಳುತ್ತವೆ. ಹಾಂ, ಪಿಟಿಆರ್ ಹಾಕಿದರೆ ವೆಬ್‌ಸೈಟ್‌ನ ಗೂಗಲ್ ರ್‍ಯಾಂಕ್ ಏರುತ್ತದೆ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ, ಅದನ್ನು ನಂಬಬೇಡಿ.

ಸ್ವಂತ ಐಪಿ ಬ್ಲಾಕ್ ಇದ್ದು ರಿವರ್ಸ್ ಝೋನ್ ನೀವೇ ಬರೆಯುವವರಾದರೆ ಹೆಸರಿನ ಕೊನೆಯ ಚುಕ್ಕಿ ಮರೆಯಬೇಡಿ. ಚುಕ್ಕಿ ಬಿಟ್ಟರೆ ಬೈಂಡ್ (ಡಿಎನ್‌ಎಸ್ ತಂತ್ರಾಂಶ) ಆ ಹೆಸರಿನ ಬಾಲಕ್ಕೆ ಇಡೀ ಝೋನ್ ಹೆಸರು ಅಂಟಿಸುತ್ತದೆ.

ಪಿಟಿಆರ್ ಬದಲಿಸಿದ ಮೇಲೆ ಹಳೆಯದು ಟಿಟಿಎಲ್ (ಉತ್ತರ ಇಟ್ಟುಕೊಳ್ಳುವ ಅವಧಿ) ಮುಗಿಯುವವರೆಗೆ ಕ್ಯಾಶ್‌ನಲ್ಲಿ ಇರಬಹುದು. ಕಾಯುವುದಿದ್ದರೆ ಅಷ್ಟು ಹೊತ್ತು ಕಾಯಿರಿ. ನಿಮ್ಮ ರಿಸಾಲ್ವರ್ (ಡಿಎನ್‌ಎಸ್ ಕೇಳಿ ಹೇಳುವ ಸರ್ವರ್) ಹೇಳಿದ್ದು ನಂಬದೆ ಡಿಗ್ +ಟ್ರೇಸ್ -ಎಕ್ಸ್ ಕೊಟ್ಟು ನೋಡಿ. ಆಮೇಲೂ ವಾಪಸ್ ಬಂದರೆ ಬೌನ್ಸ್ ಪೂರ್ತಿ ಇಲ್ಲಿ ಹಾಕಿ, ಅರ್ಧ ಕತ್ತರಿಸಿದ ಸ್ಕ್ರೀನ್‌ಶಾಟ್ ಬೇಡ.