ಮಕ್ಕಳು ದೊಡ್ಡವರಾಗುವ ತನಕ ಸೂಜಿ ಎತ್ತಿಡಬೇಕೆ?

ಗದಗಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರಿಗೆ ಮೂವರು ಮಕ್ಕಳು: ಆರು ವರ್ಷದ ಮಗಳು, ನಾಲ್ಕು ವರ್ಷದ ಮಗ, ಹತ್ತು ತಿಂಗಳ ಕೂಸು. ತವರಿನಲ್ಲಿ ತಾಯಿಯಿಂದ ಕಸೂತಿ ಕಲಿತವರು. ‘ಈಗ ಹಾಕುವುದಕ್ಕಿಂತ ಬಿಚ್ಚುವುದೇ ಹೆಚ್ಚಾಗಿದೆ. ನಾಲ್ಕು ಎಳೆ ಎಣಿಸುವಷ್ಟರಲ್ಲಿ ಕೂಸು ಅಳುತ್ತದೆ, ಎಣಿಕೆ ತಪ್ಪುತ್ತದೆ. ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡಿದರಾಯಿತು ಅಂತಾರೆ ನಮ್ಮತ್ತೆ. ಹೇಗೂ ಇದು ಟೈಂಪಾಸ್ ತಾನೆ? ನೀವೇನು ಹೇಳುತ್ತೀರಿ?’ ಎಂದು ಕೇಳಿದ್ದಾರೆ. ಮಗಳು ತಾನೂ ಸೂಜಿ ಹಿಡಿಯುತ್ತೇನೆ ಎಂದು ಹಟ ಮಾಡುತ್ತಿದ್ದಾಳಂತೆ, ಕೊಡಬಹುದೇ ಎಂಬುದು ಕೊನೆಯ ಪ್ರಶ್ನೆ.

ಅತ್ತೆಯವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಅಂಬೆಗಾಲಿಡುವ ಕೂಸು ಇರುವ ಮನೆಯಲ್ಲಿ ಸೂಜಿ ಅಪಾಯದ ವಸ್ತು. ನಿದ್ದೆಗೆಟ್ಟ ಕಣ್ಣಿಗೆ ಎಳೆ ಎಣಿಸುವುದೂ ಕಷ್ಟ. ಅಷ್ಟು ಒಪ್ಪಿಕೊಂಡೇ ಹೇಳುತ್ತೇನೆ: ಎತ್ತಿಡಬೇಡಿ. ‘ಟೈಂಪಾಸ್’ ಎಂಬ ಮಾತನ್ನಂತೂ ನಿಮ್ಮ ಬಾಯಿಂದ ಕೇಳಲು ನನಗೆ ಬೇಸರವಾಯಿತು. ಗಂಟು ಹಾಕದೆ, ನಕ್ಷೆ ಬರೆಯದೆ, ಬರೀ ಎಣಿಕೆಯ ಮೇಲೆ ಗೋಪುರ, ತೇರು, ಅಂಬಾರಿ ಆನೆಗಳನ್ನು ಬಟ್ಟೆಗೆ ಇಳಿಸಬಲ್ಲವರು ನೀವು.

ಧಾರವಾಡ ಸೀಮೆಯ ಕಸೂತಿ ಇಳಕಲ್ ಸೀರೆಯ ಸೆರಗಿನಲ್ಲಿ, ಕರಿಯ ಚಂದ್ರಕಾಳಿ ಸೀರೆಯ ಮೇಲೆ ಇದ್ದಂತೆಯೇ ಕೂಸಿನ ಕುಲಾವಿ, ಕುಂಚಿಗಳ ಮೇಲೂ ಇತ್ತು. ಕುಂಚಿ ಹಾಕುವ ಕೂಸು ಮನೆಯಲ್ಲಿ ಇದ್ದಾಗಲೇ ಅದಕ್ಕೆ ಕಸೂತಿ ಹಾಕಬೇಕು. ಹಾಗಾಗಿ ಈ ಕಲೆ ಬೆಳೆದದ್ದು ಬಿಡುವಿದ್ದವರ ಕೋಣೆಯಲ್ಲಲ್ಲ, ಮಕ್ಕಳು ತುಂಬಿದ ಮನೆಗಳಲ್ಲಿ. ಆ ಮನೆಗಳಲ್ಲಿ ಅಜ್ಜಿ, ಅತ್ತೆ, ನಾದಿನಿ ಎಂದು ಕೂಸನ್ನು ಎತ್ತಿಕೊಳ್ಳುವ ಕೈಗಳು ನಾಲ್ಕಾರು ಇದ್ದವು. ನಿಮಗೆ ಇಲ್ಲದಿರುವುದು ಆ ಕೈಗಳು. ತಪ್ಪು ನಿಮ್ಮ ಸೂಜಿಯದಲ್ಲ.

ನೀವು ಸೋಲುತ್ತಿರುವುದು ಎಣಿಕೆಯಲ್ಲಿ, ಅದಕ್ಕೆ ದಾರಿ ಕಸೂತಿಯ ಗವಂತಿ ಹೊಲಿಗೆಯಲ್ಲೇ ಇದೆ. ಗವಂತಿಯಲ್ಲಿ ಒಂದೇ ಗೆರೆಯ ಮೇಲೆ ಎರಡು ಸಲ ಸಾಗುತ್ತೇವೆ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು ಬರುವುದು. ಎಣಿಸಬೇಕಾದ್ದು ಹೋಗುವಾಗ ಮಾತ್ರ. ಬರುವಾಗ ದಾರಿ ಆಗಲೇ ಬಟ್ಟೆಯ ಮೇಲಿರುತ್ತದೆ, ಎಣಿಸುವ ಕೆಲಸವೇ ಇಲ್ಲ. ಆದ್ದರಿಂದ ಹೋಗುವ ಹೊಲಿಗೆಯನ್ನು ಮಕ್ಕಳು ಮಲಗಿದ ಮೇಲೆ ಹಾಕಿ, ಬರುವ ಹೊಲಿಗೆಯನ್ನು ಹಗಲಿಗೆ ಇಟ್ಟುಕೊಳ್ಳಿ. ರಾತ್ರಿ ನಿಲ್ಲಿಸುವಾಗ ಕನಿಷ್ಠ ಒಂದು ಗೇಣು ದಾರ ಉಳಿದಿರಲಿ. ಸೂಜಿ ತೆಗೆದು, ಉಳಿದ ದಾರವನ್ನು ಒಂದು ರಟ್ಟಿನ ಚೂರಿಗೆ ಸುತ್ತಿಡಿ. ಇಂಥ ಅರೆ ಕೆಲಸ ಒಂದು ಬಟ್ಟೆಯಲ್ಲಿ ಎರಡು ಮೂರಕ್ಕಿಂತ ಹೆಚ್ಚು ಬೇಡ, ದಾರಗಳು ಒಂದಕ್ಕೊಂದು ಸಿಕ್ಕಾಗುತ್ತವೆ.

ಗೋಪುರದ ಕಳಸದಂಥ ಕವಲು ಬಂದಾಗ ಹೋಗುವ ಹಾದಿಯಲ್ಲೇ ಅದರ ತುದಿ ಮುಟ್ಟಿ, ತುಂಬಿಕೊಂಡು ಹಿಂದಿರುಗಿ ಮುಂದೆ ಸಾಗಿ. ಕವಲನ್ನು ಆಮೇಲೆ ಹಾಕೋಣವೆಂದು ಬಿಟ್ಟರೆ ದಾರ ಹಿಂಬದಿಯಲ್ಲಿ ಅಡ್ಡ ಹಾಯುತ್ತದೆ, ಎರಡೂ ಬದಿ ಒಂದೇ ರೀತಿ ಕಾಣುವ ಸೊಗಸು ಅಲ್ಲಿಗೇ ಹೋಯಿತು. ಬರುವಾಗ ಸೂಜಿ ಸದಾ ಹಳೆಯ ಹೊಲಿಗೆಯ ಒಂದೇ ಪಕ್ಕದಲ್ಲಿ ಮೇಲೆ ಬಂದು ಇನ್ನೊಂದು ಪಕ್ಕದಲ್ಲಿ ಕೆಳಗೆ ಇಳಿಯಲಿ, ಗೆರೆ ನೇರ ನಿಲ್ಲುತ್ತದೆ. ಇಷ್ಟ ಬಂದ ಕಡೆ ಇಳಿಸಿದರೆ ಗೆರೆ ಅಂಕುಡೊಂಕು. ಹಳೆಯ ದಾರವನ್ನೇ ಸೂಜಿ ಚುಚ್ಚಿಕೊಂಡು ಹೋದರೆ ಮುಂದೆ ಬಿಚ್ಚಲು ಬರುವುದಿಲ್ಲ. ಮೊಂಡು ತುದಿಯ ಸೂಜಿ ಬೇಕೆನ್ನುವುದು ಅದಕ್ಕೇ, 24 ಅಥವಾ 26ರ ನಂಬರು ಸಾಕು.

ಎಣಿಕೆಗೆ ಇನ್ನೊಂದು ಆಸರೆ ಇದೆ. ನೇಯ್ಗೆಯ ಕಣ್ಣುಗಳು ಚೌಕವಾಗಿ ಎದ್ದು ಕಾಣುವ ಮ್ಯಾಟಿ ಬಟ್ಟೆಯ ಮೇಲೆ ಹತ್ತು ಹತ್ತು ಕಣ್ಣಿಗೆ ಒಂದರಂತೆ ಉದ್ದಕ್ಕೂ ಅಡ್ಡಕ್ಕೂ ತಿಳಿ ಬಣ್ಣದ ಹೊಲಿಗೆ ದಾರದಿಂದ ಕಚ್ಚಾ ಹೊಲಿಗೆ ಹಾಕಿ ಚೌಕ ಮಾಡಿಕೊಳ್ಳಿ. ನಡುವೆ ಎದ್ದು ಹೋದರೂ ಮೊದಲಿನಿಂದ ಎಣಿಸಬೇಕಿಲ್ಲ, ಹತ್ತರೊಳಗೆ ಎಣಿಸಿದರಾಯಿತು. ಕೆಲಸ ಮುಗಿದ ಮೇಲೆ ಆ ದಾರ ಎಳೆದು ತೆಗೆಯಿರಿ. ಇಳಕಲ್ ಸೀರೆಯಂಥ ಸಣ್ಣ ನೇಯ್ಗೆಯ ಮೇಲಾದರೆ ಜಾಳಿಗೆ ಕ್ಯಾನ್ವಾಸನ್ನು ಕಚ್ಚಾ ಹೊಲಿದು, ಅದರ ಕಣ್ಣುಗಳ ಮೇಲೆ ಕಸೂತಿ ಹಾಕಿ, ಕೊನೆಗೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಸಣ್ಣ ಮಕ್ಕಳಿರುವಾಗ ಈ ದಾರಿ ಹಿಡಿದರೆ ಕೀಳೇನಲ್ಲ.

ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದವಾದಷ್ಟೂ ಬಟ್ಟೆಯೊಳಗೆ ಹಾದು ಹಾದು ಜುಂಗು ಏಳುತ್ತದೆ, ಸಿಕ್ಕು ಬೀಳುತ್ತದೆ. ಆರೆಳೆಯ ಲಡಿಯಲ್ಲಿ ಮ್ಯಾಟಿಗೆ ಎರಡೆಳೆ, ಸೀರೆಗೆ ಒಂದೆಳೆ. ಕೆಂಪು ದಾರವನ್ನು ಮೊದಲೇ ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡಿ, ಬಣ್ಣ ಬಿಟ್ಟರೆ ಕುಂಚಿಗೆ ಬಳಸಬೇಡಿ. ಕೂಸು ಅಂಚನ್ನು ಬಾಯಿಗೆ ಹಾಕಿಕೊಳ್ಳದೆ ಇರುವುದಿಲ್ಲ. ಕಸೂತಿಯ ಉಳಿದ ಹೊಲಿಗೆಗಳಲ್ಲಿ ಮೆಂತಿಯನ್ನು, ಅಂದರೆ ಕ್ರಾಸ್ ಸ್ಟಿಚ್ಚನ್ನು, ಎಲ್ಲಿ ಬೇಕಾದರೂ ಬಿಟ್ಟು ಏಳಬಹುದು. ನೇಯ್ದಂತೆ ಕಾಣುವ ನೇಗಿಯಲ್ಲಿ ಪ್ರತಿ ಸಾಲಿಗೂ ಬೇರೆ ಎಣಿಕೆ, ಅದು ರಾತ್ರಿಗೇ ಇರಲಿ.

ಇನ್ನು ಸೂಜಿಯ ಅಪಾಯ. ಬಳಕೆಯಲ್ಲಿ ಮೂರೇ ಸೂಜಿ ಇರಲಿ, ಎದ್ದಾಗಲೆಲ್ಲ ಮೂರನ್ನೂ ಎಣಿಸಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಡಬ್ಬಿಯ ಜಾಗ ನಾಲ್ಕು ವರ್ಷದವನು ಕುರ್ಚಿ ಹತ್ತಿದರೂ ಎಟುಕದಂತಿರಲಿ. ಬಟ್ಟೆಗೆ ಸೂಜಿ ಚುಚ್ಚಿಟ್ಟು ಏಳುವ ಅಭ್ಯಾಸವನ್ನು ಈ ಎರಡು ಮೂರು ವರ್ಷ ಪೂರ್ತಿ ಬಿಡಿ. ಬಿದ್ದ ಸೂಜಿ ಹುಡುಕಲು ಹಳೆಯ ಸ್ಪೀಕರಿನ ದೊಡ್ಡ ಅಯಸ್ಕಾಂತ ಒಂದಿದ್ದರೆ ಸಾಕು. ಚಿಕ್ಕ ಚಿಕ್ಕ ಅಯಸ್ಕಾಂತ ಮನೆಗೆ ತರಲೇಬೇಡಿ, ಎರಡು ನುಂಗಿದರೆ ಕರುಳಿನೊಳಗೆ ಒಂದಕ್ಕೊಂದು ಅಂಟಿಕೊಂಡು ಕರುಳೇ ತೂತಾಗಬಹುದು. ಮಗು ಸೂಜಿ ನುಂಗಿದ ಅನುಮಾನ ಬಂದರೂ ಬಾಳೆಹಣ್ಣು ತಿನ್ನಿಸುತ್ತಾ, ವಾಂತಿ ಮಾಡಿಸುತ್ತಾ ಕೂಡದೆ ನೇರ ಆಸ್ಪತ್ರೆಗೆ ಹೋಗಬೇಕು.

ಹಗಲಿನಲ್ಲಿ ಮಕ್ಕಳ ನಡುವೆಯೇ ಕೂತು ಮಾಡಲು ಕೌದಿ ಇದೆ. ದಪ್ಪ ಸೂಜಿ, ದಪ್ಪ ಹತ್ತಿ ದಾರ, ಸಾದಾ ಓಡು ಹೊಲಿಗೆ. ಕೂಸು ಆಡಲು ಹಾಸುವ ಕೌದಿಗೆ ಮೂವತ್ತು ಇಂಚು ಅಗಲ, ಮೂವತ್ತಾರು ಇಂಚು ಉದ್ದ, ಹಳೆಯ ಹತ್ತಿ ಸೀರೆ ಧೋತರಗಳ ಮೂರು ನಾಲ್ಕು ಪದರ ಸಾಕು. ಹೊಸ ಬಟ್ಟೆ ಸೇರಿಸುವುದಾದರೆ ಒಗೆದು ಒಣಗಿಸಿಯೇ ಸೇರಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಕೌದಿ ಸುಕ್ಕಾಗುತ್ತದೆ. ಪಾಲಿಯೆಸ್ಟರ್ ಸೀರೆ ಬೇಡ, ನೀರು ಹೀರದೆ ಮೈಗೆ ಅಂಟುತ್ತದೆ. ಪದರಗಳನ್ನು ನೆಲದ ಮೇಲೆ ಹರವಿ, ಒಂದೊಂದು ಗೇಣಿಗೆ ಕಚ್ಚಾ ಹೊಲಿದ ಮೇಲೆಯೇ ಅಂಚಿನಿಂದ ಒಳಕ್ಕೆ ಬೆರಳಗಲದ ಸಾಲುಗಳಲ್ಲಿ ಹೊಲಿಯುತ್ತಾ ಹೋಗಿ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯ ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ಪುಟ್ಟ ತ್ರಿಕೋನದ ಹೂಗಳಿರುತ್ತವೆ. ಆ ಹೂವಿಲ್ಲದೆ ಕೌದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ.

ಕಸೂತಿಗೆ ಭೌಗೋಳಿಕ ಸೂಚಿಕೆ (ಜಿಐ), ಅಂದರೆ ಇದು ಈ ಸೀಮೆಯದೇ ಎಂಬ ಕಾನೂನಿನ ಗುರುತು, ಬಂದಿದೆ. ಆದರೂ ಯಂತ್ರದ ಕುಸುರಿಯನ್ನು ಕಸೂತಿ ಎಂದೇ ಮಾರುವವರಿಗೆ ಲೆಕ್ಕವಿಲ್ಲ. ಸೀರೆಯ ಹಿಂಬದಿ ತಿರುಗಿಸಿ ನೋಡುವವರು ಕಡಿಮೆ. ಯಂತ್ರದ್ದಾದರೆ ಅಲ್ಲಿ ಬಾಬಿನ್ನಿನ ಬೇರೆ ದಾರ ಕಾಣುತ್ತದೆ, ಕತ್ತರಿಸಿದ ತುದಿಗಳು ಕಾಣುತ್ತವೆ. ಕೈಕೆಲಸ ಮಾಡಿಕೊಟ್ಟ ಹೆಂಗಸಿಗೆ ಸಿಗುವುದು ತುಂಡಿನ ಲೆಕ್ಕದ ಕಾಸು, ಅವಳು ಕಳೆದ ಗಂಟೆಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನ ಕೈಕಸಬನ್ನೇ ಕಲಿಕೆಯ ನಡುವೆ ಇಡಬೇಕೆಂದಿತು. ಇಂದು ಎಷ್ಟೋ ಶಾಲೆಗಳಲ್ಲಿ ಹೊಲಿಗೆಯ ಪೀರಿಯಡ್ಡನ್ನು ಪರೀಕ್ಷೆಯ ತಯಾರಿ ನುಂಗಿದೆ. ಮಂಗಳೂರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ದೇಶದ ಮೂಲೆಮೂಲೆಯ ಕೈಕೆಲಸಗಳಿಗೆ ಮರ್ಯಾದೆ ತಂದರು. ಆ ಮರ್ಯಾದೆ ಮಳಿಗೆಯ ಗಾಜಿನೊಳಗೆ ಉಳಿದಿದೆ, ಮನೆಯೊಳಗೆ ಬಂದಿಲ್ಲ. ಮನೆ ಕಟ್ಟಿಸುವಾಗ ಟಿವಿಗೆ ಗೋಡೆ, ಬೈಕಿಗೆ ಜಾಗ ನೋಡುತ್ತೇವೆ. ಹೆಂಗಸು ಕೂತು ಹೊಲಿಯಲು ಬೆಳಕು ಬೀಳುವ ಒಂದು ಮೂಲೆಯನ್ನು ನಕ್ಷೆಯಲ್ಲಿ ಯಾರೂ ಗುರುತು ಮಾಡುವುದಿಲ್ಲ. ನಿಮ್ಮ ಪತ್ರದಲ್ಲಿ ಯಜಮಾನರ ಮಾತೇ ಇಲ್ಲ. ರಾತ್ರಿ ಊಟದ ಪಾತ್ರೆ ತೊಳೆದು, ಕೂಸನ್ನು ಮಲಗಿಸುವ ಕೆಲಸ ವಾರದಲ್ಲಿ ಮೂರು ದಿನ ಅವರದಾಗಲಿ. ಅತ್ತೆಯವರ ಮುಂದೆಯೇ ಕೇಳಿ, ಸಂಕೋಚ ಬೇಡ.

ಮಗಳಿಗೆ ಖಂಡಿತ ಕೊಡಿ, ನಾಲ್ಕು ವರ್ಷದ ಮಗನಿಗೂ ಕೊಡಿ. ಅವನಿಗೆ ಅಂಚಿನುದ್ದಕ್ಕೂ ತೂತು ಹೊಡೆದ ರಟ್ಟು, ಮೇಣ ಸವರಿ ತುದಿ ಗಟ್ಟಿ ಮಾಡಿದ ಉಲ್ಲನ್ ದಾರ. ಸೂಜಿಯೇ ಬೇಡ. ಅವಳಿಗೆ ಅಂಗೈ ಎರಡರಷ್ಟು ಮ್ಯಾಟಿ ಚೂರು, ದೊಡ್ಡ ಕಣ್ಣಿನ ಮೊಂಡು ಸೂಜಿ, ಗಾಢ ಬಣ್ಣದ ದಾರ. ಸೂಜಿಯ ಕಣ್ಣಿಗೆ ದಾರವನ್ನು ಗಂಟು ಕಟ್ಟಿಬಿಡಿ, ಪದೇ ಪದೇ ಕಳಚಿದರೆ ಈ ವಯಸ್ಸಿನ ಮಕ್ಕಳು ಅಲ್ಲಿಗೇ ಕೈಬಿಡುತ್ತಾರೆ. ಮೊದಲು ಎರಡು ಕಣ್ಣು ಮೇಲೆ, ಎರಡು ಕಣ್ಣು ಕೆಳಗೆ, ಒಂದು ನೇರ ಸಾಲು. ಅದು ಕೂತ ಮೇಲೆ ಅದೇ ಸಾಲಿನಲ್ಲಿ ಹಿಂದಕ್ಕೆ ಬರಲು ಹೇಳಿಕೊಡಿ. ನೀವು ಪಕ್ಕದಲ್ಲಿ ಕೂತಿರುವಾಗ ಮಾತ್ರ ಹೊಲಿಯಲಿ, ಎದ್ದಾಗ ಅವಳ ಸೂಜಿಯೂ ಡಬ್ಬಿಗೆ. ಆಗ ನಿಮ್ಮ ಎಣಿಕೆ ಮೂರರ ಬದಲು ನಾಲ್ಕು.