ಎಬಿಸಿ ಖಾತೆಯಲ್ಲಿ ಕ್ರೆಡಿಟ್ ಇದ್ದರೆ ಬೇರೆ ವಿಶ್ವವಿದ್ಯಾಲಯ ಅದನ್ನು ಒಪ್ಪಲೇಬೇಕಾ?

ಒಪ್ಪಲೇಬೇಕು ಅಂತೇನಿಲ್ಲ. ಎಬಿಸಿ, ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ನೀವು ಪಾಸಾದ ವಿಷಯಗಳಿಗೆ ಸಿಕ್ಕ ಕ್ರೆಡಿಟ್‌ಗಳ ಲೆಕ್ಕ ಇಡುತ್ತದೆ, ಅಷ್ಟೇ. ಅದರಲ್ಲಿ ಎಷ್ಟನ್ನು ಪದವಿಗೆ ಸೇರಿಸಿಕೊಳ್ಳಬೇಕು ಅನ್ನುವುದು ನೀವು ಹೊಸದಾಗಿ ಸೇರುವ ವಿಶ್ವವಿದ್ಯಾಲಯದ ತೀರ್ಮಾನ.

ಕಾರಣ ಸರಳ: ಪದವಿ ಪತ್ರದ ಮೇಲೆ ಇರುವುದು ಅವರ ಹೆಸರು. ಹಾಗಾಗಿ ನೀವು ಓದಿದ ಪಾಠ ತಮ್ಮ ಪಠ್ಯಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಎರಡೂ ಕಡೆ ವಿಷಯದ ಹೆಸರು 'ಅಂಕಿಅಂಶ ಶಾಸ್ತ್ರ' ಅಂತಲೇ ಇರಬಹುದು. ಒಳಗಿನ ಪಾಠಗಳು ಬೇರೆಯಾಗಿದ್ದರೆ ಆ ಕ್ರೆಡಿಟ್ ಸಿಗದೇ ಹೋಗಬಹುದು. ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ ಎರಡು ಕಾಲೇಜುಗಳ ನಡುವೆ ಈ ತಲೆನೋವು ಕಡಿಮೆ, ಪಠ್ಯ ಸಾಮಾನ್ಯವಾಗಿ ಒಂದೇ ಅಲ್ವಾ?

ಇನ್ನೊಂದು ಮಿತಿಯೂ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ಎಬಿಸಿ ನಿಯಮದಂತೆ, ಕನಿಷ್ಠ ಶೇ. 50ರಷ್ಟು ಕ್ರೆಡಿಟ್ ಪದವಿ ಕೊಡುವ ಸಂಸ್ಥೆಯಲ್ಲೇ ಗಳಿಸಿರಬೇಕು. ಆದ್ದರಿಂದ ಕೊನೆಯ ವರ್ಷದಲ್ಲಿ ಬದಲಾಯಿಸುವುದು ನನ್ನ ಪ್ರಕಾರ ನಷ್ಟದ ವ್ಯವಹಾರ.

ಖಾತೆಗೆ ಕ್ರೆಡಿಟ್ ಹಾಕುವುದು ಕಾಲೇಜಿನವರ ಕೆಲಸ, ನಿಮ್ಮದಲ್ಲ. ಎಲ್ಲಾ ಸೆಮಿಸ್ಟರ್‌ನದೂ ಬಂದಿದೆಯೇ ನೋಡಿಕೊಳ್ಳಿ. ಟಿ.ಸಿ. ತೆಗೆದುಕೊಳ್ಳುವ ಮೊದಲೇ, ಮುದ್ರೆ ಹಾಕಿಸಿದ ಪಠ್ಯಕ್ರಮದ ಪ್ರತಿ ತೋರಿಸಿ, ಯಾವ ಕ್ರೆಡಿಟ್ ಒಪ್ಪುತ್ತೀರಿ ಎಂದು ಹೊಸ ಕಡೆ ಬರಹದಲ್ಲಿ ಕೇಳಿ.