ಏರ್ ಡೆಕ್ಕನ್ ಖರೀದಿ: ಉಳಿದದ್ದೇನು?

ಪತ್ರ: ‘ನಷ್ಟದಲ್ಲಿ ಮುಳುಗುತ್ತಿದ್ದ ಏರ್ ಡೆಕ್ಕನ್ ಸಂಸ್ಥೆಯನ್ನು ಕಿಂಗ್‌ಫಿಷರ್ ಕೊಂಡಿದ್ದರಿಂದಲೇ ಎಷ್ಟೋ ಜನರ ಕೆಲಸ ಉಳಿಯಿತು. ಅದನ್ನು ತಪ್ಪು ನಿರ್ಧಾರವೆಂದು ಕಳೆದ ಸಂಚಿಕೆಯಲ್ಲಿ ನೀವು ಬರೆದದ್ದು ನ್ಯಾಯವೇ?’ – ಓದುಗರೊಬ್ಬರು, ಹುಬ್ಬಳ್ಳಿ

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 2003ರಲ್ಲಿ ಬೆಂಗಳೂರಿನಿಂದ ತಮ್ಮ ಊರಿಗೇ ಪುಟ್ಟ ಎಟಿಆರ್ ವಿಮಾನ ಹಾರಿಸಿ ಆರಂಭವಾದ ಡೆಕ್ಕನ್, ಪುಕ್ಕಟೆ ಊಟ-ತಿಂಡಿಯನ್ನು ಕೈಬಿಟ್ಟು, ಒಮ್ಮೊಮ್ಮೆ ಒಂದು ರೂಪಾಯಿಗೂ ಟಿಕೆಟ್ ಮಾರಿ, ಅದುವರೆಗೆ ರೈಲನ್ನೇ ನಂಬಿದ್ದವರನ್ನು ವಿಮಾನ ಹತ್ತಿಸಿತು. ಆದರೆ 2007ರ ಹೊತ್ತಿಗೆ ಅದರ ಬಳಿ ಪ್ರಯಾಣಿಕರಿದ್ದರೇ ಹೊರತು ಹಣವಿರಲಿಲ್ಲ. ಹೊರಗಿನ ಬಂಡವಾಳವಿಲ್ಲದೆ ಮುಂದುವರಿಯುವುದು ಕಷ್ಟವಾಗಿದ್ದಾಗ ಪಾಲು ಮಾರಲು ಒಪ್ಪಿದ ಡೆಕ್ಕನ್ ಸ್ಥಾಪಕ ಕ್ಯಾಪ್ಟನ್ ಗೋಪಿನಾಥ್ ಅವರನ್ನು ನಾನು ದೂರುವುದಿಲ್ಲ.

ನನ್ನ ತಕರಾರಿರುವುದು ಕೊಂಡವರ ಉದ್ದೇಶದ ಬಗ್ಗೆ. ಕಿಂಗ್‌ಫಿಷರ್‌ನ ಒಡೆತನ ಹೊಂದಿದ್ದ ವಿಜಯ್ ಮಲ್ಯ ಅವರ ಯುಬಿ ಸಮೂಹವು ಷೇರಿಗೆ 155 ರೂಪಾಯಿಯಂತೆ, ಸುಮಾರು 550 ಕೋಟಿ ರೂಪಾಯಿ ತೆತ್ತು ಶೇ 26ರಷ್ಟು ಪಾಲನ್ನು ಪಡೆಯಿತು. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಉಳಿದ ಷೇರುದಾರರ ಮುಂದೆಯೂ ಖರೀದಿಯ ಪ್ರಸ್ತಾವವಿಟ್ಟು ಅದನ್ನು ಶೇ 46ಕ್ಕೆ ಏರಿಸಿಕೊಂಡಿತು. ದೇಶದೊಳಗೆ ಐದು ವರ್ಷ ಸೇವೆ ಸಲ್ಲಿಸದ, 20 ವಿಮಾನಗಳಿಲ್ಲದ ಸಂಸ್ಥೆ ವಿದೇಶಕ್ಕೆ ಹಾರುವಂತಿಲ್ಲ ಎಂಬ ನಿಯಮ ಆಗ ಜಾರಿಯಲ್ಲಿತ್ತು. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್ 2010ರವರೆಗೆ ಕಾಯಬೇಕಿತ್ತು. ಡೆಕ್ಕನ್‌ಗೆ 2008ರ ಆಗಸ್ಟ್‌ನಲ್ಲೇ ಐದು ತುಂಬುತ್ತಿತ್ತು. ಹೀಗಾಗಿ ಕಿಂಗ್‌ಫಿಷರ್‌ನ ವಿಮಾನಯಾನ ವ್ಯವಹಾರವನ್ನೇ ಡೆಕ್ಕನ್ ಕಂಪನಿಯೊಳಗೆ ಸೇರಿಸಿ, ಆಮೇಲೆ ಕಂಪನಿಯ ಹೆಸರನ್ನು ಕಿಂಗ್‌ಫಿಷರ್ ಎಂದು ಬದಲಿಸಲಾಯಿತು. ಆ ಸೆಪ್ಟೆಂಬರ್‌ನಲ್ಲೇ ಬೆಂಗಳೂರು–ಲಂಡನ್ ವಿಮಾನ ಹೊರಟಿತು.

ಎರಡೂ ಕಡೆ ಏರ್‌ಬಸ್ ಮತ್ತು ಎಟಿಆರ್ ವಿಮಾನಗಳೇ ಇರುವುದರಿಂದ ದುರಸ್ತಿ, ತರಬೇತಿಗಳ ಖರ್ಚು ಉಳಿಯುತ್ತದೆ ಎಂಬ ವಾದವೂ ಇತ್ತು, ಅದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ವಿಮಾನ ಒಂದೇ ಆದರೂ ಒಳಗಿನ ಲೆಕ್ಕ ಬೇರೆ. ಡೆಕ್ಕನ್‌ನ ಎ320ರಲ್ಲಿ 180 ಆಸನಗಳನ್ನು ಒತ್ತೊತ್ತಾಗಿ ಕೂರಿಸಲಾಗಿತ್ತು. ಕಿಂಗ್‌ಫಿಷರ್ ಅದೇ ವಿಮಾನದ ಮುಂಭಾಗವನ್ನು ಪ್ರಥಮ ದರ್ಜೆಗೆ ಬಿಟ್ಟು, ಆಸನಕ್ಕೊಂದು ಪರದೆ ಜೋಡಿಸಿ, ಊಟ ಬಡಿಸುತ್ತಿತ್ತು. ಒಂದರ ಜೀವಾಳ ಮಿತವ್ಯಯ, ಇನ್ನೊಂದರದು ವೈಭವ. ಡೆಕ್ಕನ್ ಹೆಸರು ಅಳಿಸಿ ‘ಕಿಂಗ್‌ಫಿಷರ್ ರೆಡ್’ ಆದಾಗ, ಅಗ್ಗದ ಟಿಕೆಟ್ಟನ್ನು ಹುಡುಕಿಕೊಂಡು ಬರುತ್ತಿದ್ದವರಿಗೆ ಅದು ತಮ್ಮದೆನಿಸುವ ಸಂಸ್ಥೆಯಾಗಿ ಉಳಿಯಲಿಲ್ಲ. ಅದೇ 2008ರಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದಾಗ, ಮೊದಲೇ ಸಾಲದಲ್ಲಿದ್ದ ಸಂಸ್ಥೆಯ ಮೇಲೆ ಎರಡು ಸಂಸ್ಥೆಗಳ ನಷ್ಟದ ಹೊರೆ ಬಿತ್ತು.

ಕೆಲಸ ಉಳಿಯಿತು ಎನ್ನುತ್ತೀರಿ. ಕೆಲ ವರ್ಷ ಉಳಿದದ್ದು ನಿಜ. 2011ರಲ್ಲಿ ‘ರೆಡ್’ ಸೇವೆಯನ್ನು ಮುಚ್ಚುವ ಘೋಷಣೆಯಾಯಿತು; 2012ರಲ್ಲಿ ಪೈಲಟ್‌ಗಳು, ಎಂಜಿನಿಯರ್‌ಗಳು ತಿಂಗಳುಗಟ್ಟಲೆ ಬಾಕಿಯಿದ್ದ ಸಂಬಳಕ್ಕಾಗಿ ಮುಷ್ಕರ ಹೂಡಬೇಕಾಯಿತು; ಆ ವರ್ಷದ ಅಕ್ಟೋಬರ್‌ನಲ್ಲಿ ಸಂಸ್ಥೆಯ ಹಾರಾಟದ ಪರವಾನಗಿಯೇ ಅಮಾನತಾಯಿತು. ಡೆಕ್ಕನ್‌ಗೆ ಬೇಕಿದ್ದದ್ದು ಅದರ ಅಗ್ಗದ ವ್ಯವಹಾರವನ್ನು ನಂಬಿ, ಕಾದು, ಹಣ ಹಾಕುವವರು. ಸಿಕ್ಕಿದ್ದು ಅದರ ವಯಸ್ಸನ್ನು ಬೇಕೆಂದವರು. ಈ ಕೊಳ್ಳುವಿಕೆಯನ್ನು ನಾನು ತಪ್ಪೆಂದದ್ದು ಇದಕ್ಕಾಗಿಯೇ.

ತಪ್ಪಿನಲ್ಲಿ ಸರ್ಕಾರದ ಪಾಲನ್ನೂ ಹೇಳಬೇಕು. ಹೊಸ ಸಂಸ್ಥೆಯೊಂದು ಹಳೆಯದನ್ನು ಕೊಂಡು ವಯಸ್ಸು ಗಳಿಸಿಕೊಳ್ಳುವ ಆಮಿಷವನ್ನು ಒಡ್ಡಿದ್ದು ಆ ಐದು ವರ್ಷಗಳ ಷರತ್ತು. 2016ರ ನಾಗರಿಕ ವಿಮಾನಯಾನ ನೀತಿ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಎರಡೂ ಸಂಸ್ಥೆಗಳ ವಿಮಾನಗಳು ನೆಲಕ್ಕಿಳಿದು ನಾಲ್ಕು ವರ್ಷಗಳಾಗಿದ್ದವು.

– ಸಂಪಾದಕ